ಇವತ್ತಿನ ಸುದ್ದಿ, ಹುಮನಾಬಾದದಿಂದ

ನನ್ನ ನೆಗೆಣ್ಣಿಯ ತಲೆಯ ಮೇಲಿನ ಸೆರಗನ್ನು ಹಿಡಿದಿಡುತ್ತಿದ್ದುದು ಪಿನ್ನಲ್ಲ, ಹೆಡ್‌ಫೋನು. ದೊಡ್ಡದು, ಕರಿಯದು, ಕಿವಿಗಳ ಮೇಲೆ ಬಟ್ಟಲು ಕವುಚಿದಂತೆ ಕೂರುವಂಥದ್ದು. ಮಾವನವರು ಪಡಸಾಲೆಯಲ್ಲಿ ಓಡಾಡುವ ಮನೆಯಲ್ಲಿ ಬರಿದಲೆಯಲ್ಲಿ ಕೂರುವಂತಿಲ್ಲ. ಸೆರಗು ಕಿವಿಗೆ ಅಡ್ಡ ಬಂದರೆ ಸದ್ದು ಸರಿಯಾಗಿ ಕೇಳುವುದಿಲ್ಲ. ಹಾಗಾಗಿ ಅವಳು ಸೆರಗನ್ನು ಕಿವಿಯ ಹಿಂದಕ್ಕೆ ಸಿಗಿಸಿ, ಮೇಲಿಂದ ಹೆಡ್‌ಫೋನಿನ ಪಟ್ಟಿ ಒತ್ತಿ, ಮದುವೆ ವಿಡಿಯೋಗಳ ಎಡಿಟಿಂಗಿಗೆ ಕೂರುತ್ತಿದ್ದಳು. ಕೆಲಸ ಮುಗಿಸಿ ಅದನ್ನು ತೆಗೆದಳೆಂದರೆ ಸೆರಗು ಜಾರಲೇಬೇಕು. ಅದು ಹೆಗಲಿಗೆ ಬೀಳುವ ಮೊದಲೇ ಎಡಗೈ ಹೋಗಿ ಹಿಡಿದಿರುತ್ತಿತ್ತು. ಕಣ್ಣು ಇನ್ನೂ ಪರದೆಯ ಮೇಲೇ ಇರುತ್ತಿತ್ತು. ಆ ಠೀವಿ ನೋಡಿ ನಾನೂ ಒಮ್ಮೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಹಾಗೆ ಮಾಡಿದೆ. ಸೆರಗು ಕೀಬೋರ್ಡಿನ ಮೇಲೆ ಬಿತ್ತು, ಹೆಡ್‌ಫೋನು ಚಹಾದ ಕಪ್ಪಿನ ಮೇಲೆ. ಅವಳ ಮೇಲೆ ಸಿಟ್ಟು ಬರಲು ಇನ್ನೊಂದು ಕಾರಣ ಸಿಕ್ಕಿತು.

ನಾವು ಅಣ್ಣತಮ್ಮಂದಿರ ಹೆಂಡಂದಿರು. ನನ್ನ ಭಾವ, ಅಂದರೆ ಅವಳ ಗಂಡ, ಹುಮನಾಬಾದದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ನನ್ನ ಗಂಡನದು ಬಸವಕಲ್ಯಾಣದಲ್ಲಿ, ಕೋಟೆಗೆ ಹೋಗುವ ದಾರಿಯ ಮೇಲೆ. ಗಂಡಸರು ಮದುವೆ, ಕುಬಸ, ಗೃಹಪ್ರವೇಶ ಎಂದು ಕ್ಯಾಮೆರಾ ಹೊತ್ತು ಊರೂರು ತಿರುಗುತ್ತಿದ್ದರು. ಅವರು ತಂದು ಸುರಿದದ್ದನ್ನು ಕತ್ತರಿಸಿ, ಜೋಡಿಸಿ, ನೋಡುವಂತೆ ಮಾಡುವುದು ನಮ್ಮಿಬ್ಬರ ಕೆಲಸ. ಎದುರಿಗೆ ನಾನು ಅವಳನ್ನು ‘ಅಕ್ಕಾ’ ಎಂದು ಬಹುವಚನದಲ್ಲೇ ಮಾತನಾಡಿಸುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಏಕವಚನ. ಇಲ್ಲಿಯೂ ಅದನ್ನೇ ಬರೆಯುತ್ತೇನೆ. ಈಗ ಬಹುವಚನ ಹಚ್ಚಿದರೆ ಅವಳೇ ನಕ್ಕಾಳು.

ಒಂದು ಮಾತು ಮೊದಲೇ ಹೇಳಿಬಿಡಬೇಕು: ಎಡಿಟಿಂಗ್ ಮೊದಲು ಕಲಿತವಳು ನಾನು. ಒಂದು ಬೇಸಿಗೆಯಲ್ಲಿ ಅವಳು ನಮ್ಮಲ್ಲಿ ಬಂದು ಉಳಿದಾಗ, ಕಂಪ್ಯೂಟರಿನ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ತೋರಿಸಿದವಳೂ ನಾನೇ. ಪರದೆಯ ಕೆಳಗೆ ಉದ್ದಕ್ಕೆ ಬಿದ್ದಿರುವುದು ಟೈಮ್‌ಲೈನ್, ಶಾಟುಗಳನ್ನು ಇಲ್ಲಿ ಒಂದರ ಪಕ್ಕ ಒಂದು ಇಡಬೇಕು, ಬೇಡವಾದದ್ದನ್ನು ಹೀಗೆ ಕತ್ತರಿಸಬೇಕು, ಹಾಡನ್ನು ಕೆಳಗಿನ ಸಾಲಿನಲ್ಲಿ ಹಾಸಬೇಕು. ಅವಳು ಶೇಂಗಾ ಸುಲಿದು ತಿನ್ನುತ್ತ ಎಲ್ಲವನ್ನೂ ಕೇಳಿದಳು. ಕೊನೆಗೆ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದು, “ಇಷ್ಟೇ ಏನು?” ಎಂದಳು. ಅದರಲ್ಲಿ ಸೊಕ್ಕಿರಲಿಲ್ಲ. ಅವಳಿಗೆ ನಿಜವಾಗಿಯೂ ಅದು ಅಷ್ಟೇ ಅನಿಸಿತ್ತು. ನನಗೆ ಹೆಚ್ಚು ಉರಿದದ್ದು ಅದೇ.

ನಾನು ಕೆಲಸ ಕಲಿತು ಸುಮ್ಮನಾದೆ. ಅವಳು ಕೆಲಸ ಕಲಿತು, ಆ ಕೆಲಸ ಮಾಡುವ ಜಗತ್ತಿನ ಜನರನ್ನೆಲ್ಲ ಹುಡುಕಿಕೊಂಡು ಹೊರಟಳು. ಸಿನಿಮಾ, ಟಿವಿ ಎಡಿಟರುಗಳಿಗೆಂದೇ ವೆಬ್‌ಸೈಟುಗಳಿವೆ ಎಂದು ನಮ್ಮ ಕಡೆಯ ಯಾರಿಗೂ ಗೊತ್ತಿರಲಿಲ್ಲ. ಹೊಸ ಸಾಫ್ಟ್‌ವೇರಿನ ಸುದ್ದಿ, ದೊಡ್ಡ ಎಡಿಟರುಗಳ ಸಂದರ್ಶನ, ಪುಕ್ಕಟೆ ಸಿಗುವ ಸದ್ದುಗಳು, ಕೆಲಸದಲ್ಲಿ ಎಲ್ಲಾದರೂ ತೊಡಕಾದರೆ ಪ್ರಶ್ನೆ ಕೇಳುವ ಕಟ್ಟೆ, ಎಲ್ಲವೂ ಅಲ್ಲಿ. ಇಬ್ಬರದೂ ಪಿಯುಸಿ ಇಂಗ್ಲಿಷೇ. ನಾನು ಎರಡು ಸಾಲು ಓದಿ ಫೋನು ಕೆಳಗಿಡುತ್ತಿದ್ದೆ. ಅವಳು ಅರ್ಥವಾಗದ್ದನ್ನು ಫೋನಿಗೇ ಅನುವಾದಿಸಲು ಹೇಳಿ, ಅದು ಕೊಟ್ಟ ಎಡವಟ್ಟು ಕನ್ನಡವನ್ನು ಬೈಯುತ್ತ, ಇರಬಹುದಾದ ಅರ್ಥವನ್ನು ತಾನೇ ಹುಡುಕಿಕೊಳ್ಳುತ್ತಿದ್ದಳು.

ಇಷ್ಟಕ್ಕೇ ಬಿಟ್ಟಿದ್ದರೆ ನನಗೂ ನೆಮ್ಮದಿ ಇರುತ್ತಿತ್ತು. ನಮ್ಮ ಸುತ್ತಿನ ಮದುವೆ ವಿಡಿಯೋದವರೆಲ್ಲ ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪೊಂದಿತ್ತು. ಬೀದರ, ಭಾಲ್ಕಿ, ಕಲಬುರಗಿಯವರು, ಗಡಿಯಾಚೆಯ ಉಮರ್ಗಾ, ಜಹೀರಾಬಾದಿನವರು. ಕ್ಯಾಮೆರಾ ಬಾಡಿಗೆಗಿದೆ, ಡ್ರೋನ್ ಯಾರಲ್ಲಿದೆ, ಇಂಥ ಮಾತಿಗಷ್ಟೇ ಇದ್ದ ಗುಂಪು ಅದು. ಒಂದು ಮುಂಜಾನೆ ಅದರಲ್ಲಿ ನನ್ನ ನೆಗೆಣ್ಣಿಯ ದನಿ ಬಂತು.

“ನಮಸ್ಕಾರ್ರಿ ಎಲ್ಲಾರಿಗೂ. ಇವತ್ತಿನ ಸುದ್ದಿ, ಹುಮನಾಬಾದದಿಂದ. ಚಹಾ ಆಯ್ತಿಲ್ರಿ? ನಂದು ಇನ್ನಾ ಕುದ್ಯಾಕತ್ತದ. ಕೇಳ್ರಿ, ನಾವು ವಾಪರಸೂ ಸಾಫ್ಟ್‌ವೇರ್ ಅದಲ್ಲ, ಅದರದು ಹೊಸಾದು ಬಂದದ. ಯಾರೂ ಇವತ್ತೇ ಹಾಕ್ಕೋಬ್ಯಾಡ್ರಿ. ಹಾಕ್ಕೊಂಡವರು ಅಲ್ಲಿ ಅಮೇರಿಕಾದಾಗ ತಲಿ ಮ್ಯಾಲ ಕೈ ಹೊತ್ಕೊಂಡು ಕುಂತಾರ. ಅರ್ಧಾ ಮಾಡಿದ ಕೆಲಸ ತೆರ್ಯಾಕ ಒಲ್ಲೆ ಅನ್ನಾಕತ್ತದಂತ. ಲಗ್ನದ ಸೀಸನ್ ಮುಗೀಲಿ, ಆಮ್ಯಾಲ ನೋಡೋಣ. ಜಲ್ದಿ ಏನದ?”

ಅವತ್ತು ಆಗಲೇ ಹಾಕಿಕೊಂಡುಬಿಟ್ಟಿದ್ದವರು ಸಂಜೆಯೊಳಗೆ ಗುಂಪಿನಲ್ಲಿ ಅಳಲು ಶುರುಮಾಡಿದರು. ಮರುದಿನದಿಂದ ಅವಳ ದನಿಗಾಗಿ ಎಲ್ಲರೂ ಕಾಯತೊಡಗಿದರು. ಚಹಾದ ಜೊತೆ ರೇಡಿಯೋ ಕೇಳುವಂತೆ ಅಕ್ಕನ ಸುದ್ದಿ ಕೇಳುವುದು ಅವರಿಗೆ ರೂಢಿಯಾಯಿತು. ಮುಂಬಯಿಯ ಎಡಿಟರ್ ಒಬ್ಬ ಏನು ಹೇಳಿದ, ಲಂಡನ್ನಿನಲ್ಲಿ ಧಾರಾವಾಹಿಗಳ ಕೆಲಸ ಹೇಗೆ ಕಡಿಮೆಯಾಗಿದೆ, ಸಂಭಾಷಣೆ ಕೇಳಿಯೇ ಒರಟು ಕಟ್ ಮಾಡಿಕೊಡುವ ಹೊಸ ಯಂತ್ರಬುದ್ಧಿ ಎಲ್ಲಿಗೆ ಬಂತು, ಒಂದೂ ಬಿಡುತ್ತಿರಲಿಲ್ಲ. ನಡುವೆ ಕುಕ್ಕರ್ ಸೀಟಿ ಹಾಕಿದರೆ, “ತಡೀರಿ, ಬ್ಯಾಳಿ ಇಳಸಿ ಬರ್ತೀನಿ,” ಎಂದು ಹಾಲಿವುಡ್ಡನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದಳು. ಜನ ಅದಕ್ಕೂ ಕಾಯುತ್ತಿದ್ದರು. ಉಮರ್ಗಾದ ಗಡ್ಡದ ಗಂಡಸೊಬ್ಬ, “ಅಕ್ಕಾವ್ರ, ನಿಮ್ಮ ಆವಾಜ್ ಕೇಳಲಿಲ್ಲಂದ್ರ ಕಂಪ್ಯೂಟರ್ ಚಾಲೂ ಮಾಡಾಕ ಮನಸಾಗಂಗಿಲ್ರಿ,” ಎಂದು ಕಳಿಸಿದ್ದ. ನನ್ನ ಗಂಡನೇ ಹಲ್ಲುಜ್ಜುತ್ತ ಅದನ್ನು ಜೋರಾಗಿ ಹಚ್ಚಿ ಕೇಳುತ್ತಿದ್ದ.

“ಸಣ್ಣಗ ಹಚ್ಚರೀ, ನಾ ಕಿವುಡಿಲ್ಲ,” ಎನ್ನುತ್ತಿದ್ದೆ.

“ಅತ್ತಿಗಿ ಹ್ಯಾಂಗ ಹೇಳ್ತಾಳ ನೋಡು! ನೀನೂ ಜರಾ ಓದಬಾರದಾ?”

ಅವತ್ತು ಅವನ ಪಲ್ಯದಲ್ಲಿ ಉಪ್ಪು ಜಾಸ್ತಿಯಾಯಿತು. ಬೇಕೆಂದೇ ಹಾಕಿದ್ದೆ.

ನನ್ನ ಹೊಟ್ಟೆಕಿಚ್ಚು ಅವಳ ಓದಿಗಲ್ಲ. ಗುಂಪಿನಲ್ಲಿ ಬಂದ ಹೊಗಳಿಕೆಗೂ ಪೂರಾ ಅಲ್ಲ. ಅವಳ ಸುದ್ದಿ ಅಮೇರಿಕಾದಿಂದ ಬರುತ್ತಿತ್ತು, ಮುಂಬಯಿಯಿಂದ, ಚೆನ್ನೈಯಿಂದ, ನಾನು ಭೂಪಟದಲ್ಲೂ ಕಂಡಿರದ ಊರುಗಳಿಂದ ಬರುತ್ತಿತ್ತು. ಒಂದು ದಿನವೂ ಬಸವಕಲ್ಯಾಣದಿಂದ ಬರಲಿಲ್ಲ. ಹುಮನಾಬಾದದಿಂದ ಬಸ್ಸು ಹತ್ತಿದರೆ ಒಂದು ನಿದ್ದೆ ತೆಗೆಯುವಷ್ಟರಲ್ಲಿ ನಮ್ಮ ಊರು. ಅಲ್ಲೊಬ್ಬಳು ಕೂತು ಚೆನ್ನಾಗಿ ಕಟ್ ಮಾಡುತ್ತಾಳೆ ಎಂದು ಒಂದೇ ಒಂದು ಮುಂಜಾನೆ ಅವಳು ಹೇಳಬಹುದಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ. ಕಂಡವರ ಹೊಗಳಿಕೆಯನ್ನೆಲ್ಲ ಊರಿಗೆ ಹಂಚುತ್ತಿದ್ದವಳ ಬಾಯಲ್ಲಿ ನನ್ನ ಪಾಲಿನದು ಮಾತ್ರ ಬರಲಿಲ್ಲ.

ಕೇಳದೆಯೂ ಬಿಟ್ಟವಳಲ್ಲ ನಾನು. ಒಳ್ಳೆಯ ಕೆಲಸ ಎನಿಸಿದ್ದನ್ನೆಲ್ಲ ಅವಳಿಗೆ ಕಳಿಸುತ್ತಿದ್ದೆ. ಉತ್ತರಕ್ಕೆ ಬರುತ್ತಿದ್ದುದು ಕರೆಕ್ಷನ್. ನಮ್ಮ ಕಸುಬಿನಲ್ಲಿ ಕರೆಕ್ಷನ್ ಅಂದರೆ ಗಿರಾಕಿ ವಿಡಿಯೋ ನೋಡಿ, ಇದನ್ನು ತೆಗೆ, ಅದನ್ನು ಹಾಕು ಎಂದು ಹೇಳುವುದು. ಅವಳು ಗಿರಾಕಿಗಿಂತ ಕಡೆ. “ಮದುಮಗಳ ಮಾರಿ ಜರಾ ಕೆಂಪಾಗ್ಯಾದ ನೋಡು. ಹಾಡು ಜಲ್ದಿ ಬಂತು. ಈ ಶಾಟ್ ಉದ್ದ ಆಯ್ತು, ತಂಗೀ. ಇನ್ನೊಂದು ಹೋಳಿಗಿ ಬೇಕು ಅನಸೂವಾಗನ ಎಲಿ ಮುಂದಿಂದ ಏಳಬೇಕು. ಶಾಟೂ ಹಂಗ.” ಹೋಳಿಗೆಯ ಈ ಮಾತನ್ನು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಊಟಕ್ಕೆ ಕೂತರೆ ಮಾತ್ರ ತಾನು ಹಾಗೆ ಏಳುತ್ತಿರಲಿಲ್ಲ.

ಇಂಥವಳು ಒಮ್ಮೆ ಸರಿಯಾಗಿ ಎಡವಿದಳು. ನನ್ನ ಜೀವನದ ಒಳ್ಳೆಯ ದಿನಗಳಲ್ಲಿ ಅದೂ ಒಂದು.

ನಮ್ಮ ನಾದಿನಿಯ ಮದುವೆ. ಮನೆಯ ಮದುವೆಯ ವಿಡಿಯೋ ಯಾರು ಮಾಡಬೇಕು ಎಂಬ ಮಾತು ಬಂದಾಗ ಅತ್ತೆ ನನ್ನ ಮುಖ ನೋಡಲಿಲ್ಲ, ಹಿರಿಯ ಸೊಸೆಯ ಮುಖ ನೋಡಿದರು. ಆಗ ಅವಳು ಯಾವುದೋ ವೆಬ್‌ಸೈಟಿನಲ್ಲಿ, ಮದುವೆಯನ್ನೂ ಸಿನಿಮಾದಂತೆ ಚಿಕ್ಕದಾಗಿ, ಕಥೆಯಾಗಿ ಹೇಳಬೇಕು, ಕಥೆ ಮುಂದೆ ಹೋಗದ ಕಡೆ ಕತ್ತರಿಸಬೇಕು ಎಂದು ಓದಿ ತಲೆಗೆ ಹತ್ತಿಸಿಕೊಂಡಿದ್ದಳು. ವಿಡಿಯೋ ಸಿದ್ಧವಾದ ಮೇಲೆ ಬಳಗವೆಲ್ಲ ಹುಮನಾಬಾದದ ಪಡಸಾಲೆಯಲ್ಲಿ ಟಿವಿಯ ಮುಂದೆ ಕೂತಿತು. ಸುಳ್ಳೇಕೆ ಹೇಳಲಿ, ಕೆಲಸ ಚೆನ್ನಾಗಿತ್ತು. ಮದುಮಗಳ ಕಾಲುಂಗುರ, ಮಗಳ ತಲೆ ಸವರುವ ಮಾವನವರ ಕೈ, ಅಕ್ಷತೆಯ ಹಾರಾಟ. ನನ್ನ ಕಣ್ಣಲ್ಲೂ ನೀರು ಬಂತು. ಸೆಕೆ ಎಂಬಂತೆ ಒರೆಸಿಕೊಂಡೆ.

ಮುಗಿಯಿತು. ಯಾರೂ ಏಳಲಿಲ್ಲ. ಮಂಠಾಳದ ಸೋದರತ್ತೆ, ಮಾವನವರ ತಂಗಿ, ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ಕೇಳಿದರು:

“ಆಯಾರ ಎಲ್ಲದ?”

ಆಯಾರ ಅಂದರೆ ನಮ್ಮಲ್ಲಿ ಬೀಗರು, ಬಳಗದವರು ಪರಸ್ಪರ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಕರೆದವರು ಬಂದು ನಿಲ್ಲುತ್ತಾರೆ. ಗಂಡಸರಿಗೆ ಶಾಲು, ಟೋಪಿ. ಹೆಂಗಸರಿಗೆ ಸೀರೆ, ಕುಂಕುಮ. ತೆಗೆದುಕೊಂಡವರು ಕ್ಯಾಮೆರಾದ ಕಡೆ ತಿರುಗಿ, ಕಣ್ಣು ಪಿಳುಕಿಸದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಹೊರಗಿನವರಿಗೆ ಅದರಷ್ಟು ಬೇಸರದ ದೃಶ್ಯ ಬೇರೆ ಇಲ್ಲ. ನಮ್ಮ ಜನ ವಿಡಿಯೋ ನೋಡುವುದೇ ಅದಕ್ಕಾಗಿ. ನಾನಿದ್ದೇನೆ, ನನ್ನನ್ನು ಕರೆದರು, ನನಗೆ ಇಂಥ ಸೀರೆ ಕೊಟ್ಟರು. ಅವಳು ಕಥೆ ಮುಂದೆ ಹೋಗುವುದಿಲ್ಲ ಎಂದು ಆಯಾರವನ್ನು ಇಡಿಯಾಗಿ ಕಿತ್ತು ಹಾಕಿದ್ದಳು.

“ಅತ್ತೀ, ಅದು ಭಾಳ ಉದ್ದ ಆಗ್ತದ್ರಿ. ಹೊರಗಿನ ದೇಶದಾಗ ಎಲ್ಲಾ...”

“ಹೊರಗಿನ ದೇಶದಾಕಿ ಬಂದು ಅಳಿಯನ ಕಾಲಿಗಿ ನೀರು ಹಾಕಿದಳೇನ? ನಾ ಹಾಕೀನಿ. ನಾ ಇಲ್ಲದ ಲಗ್ನ ನನಗ್ಯಾಕ ತೋರಸ್ತಿ?” ಎಂದವರೇ ಚಹಾ ಮುಟ್ಟದೆ ಬಸ್‌ಸ್ಟ್ಯಾಂಡಿಗೆ ನಡೆದರು. ಅವರ ಹಿಂದೆ ಇನ್ನಷ್ಟು ಜನ ಎದ್ದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನಗೆ ಒಳಗೊಳಗೇ ಸಕ್ಕರೆ ತಿಂದಂತಾಗಿತ್ತು.

ಮೂಲ ಶಾಟುಗಳನ್ನೆಲ್ಲ ಕೇಳಿ ಇಸಿದುಕೊಂಡು ಬಂದು ನಾನು ಆಯಾರದ ವಿಡಿಯೋ ಮಾಡಿದೆ. ಯಾರನ್ನೂ ಬಿಡಲಿಲ್ಲ. ಕ್ಯಾಮೆರಾದ ಕಡೆ ತಿರುಗಿ ನಿಂತವರನ್ನು ಅವರು ನಿಂತಷ್ಟು ಹೊತ್ತೂ ಪರದೆಯ ಮೇಲೆ ಬಿಟ್ಟೆ. ಮಂಠಾಳಕ್ಕೆ ನಾನೇ ಹೋಗಿ ಸೋದರತ್ತೆಗೆ ತೋರಿಸಿದೆ. ಅವರು ತಮಗೆ ಹಸಿರು ಸೀರೆ ಕೊಡುವ ಶಾಟನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಲು ಹೇಳಿ ನೋಡಿದರು. “ನಿನಗ ಮಂದಿ ಅಂದ್ರ ಏನು ಅಂತ ಗೊತ್ತದ,” ಎಂದರು. ವಾಪಸು ಬರುವಾಗ ಹುಮನಾಬಾದಕ್ಕೆ ಫೋನು ಮಾಡಿ, ಕೇಳದಿದ್ದರೂ ಎಲ್ಲವನ್ನೂ ವರದಿ ಒಪ್ಪಿಸಿದೆ. “ಅಕ್ಕಾ, ನಮ್ಮಲ್ಲಿ ಇದು ಸಿನಿಮಾ ಅಲ್ರಿ. ಇದು ಹಾಜರಿ. ಯಾರು ಬಂದಿದ್ರು ಅನ್ನೂದೇ ಕಥಿ,” ಎಂದೆ. “ಹಾಲು ಉಕ್ಕಾಕತ್ತದ,” ಎಂದು ಅವಳು ಫೋನು ಇಟ್ಟುಬಿಟ್ಟಳು. ಅವಳು ಕುಗ್ಗಿದಳು ಎಂದು ಖುಷಿಪಟ್ಟೆ.

ಕುಗ್ಗುವವಳಲ್ಲ. ಮುಂದಿನ ವಾರ ಗುಂಪಿನಲ್ಲಿ ಅವಳ ದನಿ ಬಂತು, ಎಂದಿಗಿಂತ ಜೋರಾಗಿ. ತಾನು ಮಾಡಿದ ತಪ್ಪನ್ನು ಆ ವೆಬ್‌ಸೈಟಿನ ಪ್ರಶ್ನೆಗಳ ಕಟ್ಟೆಯಲ್ಲಿ ಬರೆದು, ನಿಮ್ಮ ಕಡೆ ಇಂಥದ್ದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದ್ದಳಂತೆ. ದೇಶದೇಶದ ಎಡಿಟರುಗಳು ಉತ್ತರಿಸಿದ್ದರಂತೆ. ತಮ್ಮಲ್ಲೂ ಅಜ್ಜಿಯನ್ನು ಕತ್ತರಿಸಿ ಬೈಸಿಕೊಂಡವರು, ಚಿಕ್ಕಪ್ಪನನ್ನು ಬಿಟ್ಟು ಮದುವೆಮನೆಯ ಮೆಟ್ಟಿಲು ಹತ್ತದಂತಾದವರು. “ಎಲ್ಲಾ ಕಡೀನೂ ಮಂಠಾಳದ ಅತ್ತಿ ಇದ್ದಾಳ್ರಿ!” ಎಂದು ಅವಳು ನಕ್ಕಳು. ಆಮೇಲೆ ಗಂಭೀರವಾಗಿ, “ನಮ್ಮಲ್ಲಿ ಲಗ್ನದ ವಿಡಿಯೋ ಅಂದ್ರ ಸಿನಿಮಾ ಅಲ್ರಿ, ಹಾಜರಿ. ಯಾರು ಬಂದಿದ್ರು ಅನ್ನೂದೇ ಕಥಿ. ಇದನ್ನ ಬರೆದೆ ನೋಡ್ರಿ, ಅವರಿಗೆಲ್ಲ ಭಾಳ ಹಿಡಿಸ್ತು,” ಎಂದಳು.

ನನ್ನ ಮಾತು, ಅಕ್ಷರಕ್ಕೆ ಅಕ್ಷರ. ಗುಂಪಿನ ತುಂಬ ಅವಳಿಗೆ ಕೈಮುಗಿದ ಚಿತ್ರಗಳು. ತಪ್ಪು ಮಾಡಿದವಳಿಗೆ ಹೆಸರು, ಸರಿ ಮಾಡಿದವಳಿಗೆ ಮಂಠಾಳದ ಬಸ್ಸಿನ ಧೂಳು. ನಾನು ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು ರೊಟ್ಟಿ ಬಡಿದೆ. ಅವತ್ತಿನ ರೊಟ್ಟಿಗಳಷ್ಟು ತೆಳುವಾಗಿ ಮತ್ತೆಂದೂ ಬರಲಿಲ್ಲ.

ಹೀಗೆಯೇ ವರ್ಷಗಳು ಹೋದವು. ಹಬ್ಬಕ್ಕೆ ಹುಮನಾಬಾದಕ್ಕೆ ಹೋದಾಗ ಒಂದೇ ಒಲೆಯ ಮುಂದೆ ಕೂತು ಹೂರಣ ರುಬ್ಬುತ್ತಿದ್ದೆವು. ಅವಳು ಅಮೇರಿಕಾದ ಸುದ್ದಿ ಹೇಳುತ್ತಿದ್ದಳು, ನಾನು ಕೇಳಿಸದವಳಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಊರಿಗೆ ಬಂದು ಗುಟ್ಟಾಗಿ ಅದನ್ನೇ ಮಾಡಿ ನೋಡುತ್ತಿದ್ದೆ. ಕಲ್ಯಾಣದ, ಅಂದರೆ ನಮ್ಮ ಬಸವಕಲ್ಯಾಣದ, ಕೆಲಸ ಸಾಫು ಎಂದು ಜನ ಹೇಳುತ್ತಿದ್ದರು. ಆ ಸಾಫಿನಲ್ಲಿ ಅರ್ಧ ಹುಮನಾಬಾದದ್ದು. ಅದನ್ನು ಬೇರೆಯವರಿಂದ ಕೇಳಿದ್ದರೆ ಜಗಳ ತೆಗೆಯುತ್ತಿದ್ದೆ.

ಆಮೇಲೆ ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಹೈದರಾಬಾದಿನ ದವಾಖಾನೆಗೆ ಹೋಗುವುದು, ಬರುವುದು. ದಾರಿಯಲ್ಲಿ ಕಾರಿನಿಂದಲೇ ಸುದ್ದಿ ಕಳಿಸುತ್ತಿದ್ದಳು. ಕುಕ್ಕರಿನ ಬದಲು ಲಾರಿಗಳ ಹಾರ್ನು ಕೇಳುತ್ತಿತ್ತು. ದನಿ ಸಣ್ಣದಾದದ್ದು ಗುಂಪಿನವರಿಗೆ ತಿಳಿಯಲಿಲ್ಲ. ನೆಗಡಿ ಎಂದು ಹೇಳಿಕೊಂಡಿದ್ದಳು. ಕಾಯಿಲೆಯ ವಿಷಯ ಮನೆಯಿಂದ ಹೊರಗೆ ಹೋಗಬಾರದೆಂದು ನಮಗೆಲ್ಲ ಕಟ್ಟಪ್ಪಣೆ ಇತ್ತು.

ಡಾಕ್ಟರರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದ ಮೇಲೆ ನಾನು ನೋಡಲು ಹೋದೆ. ಎಡಿಟಿಂಗ್ ಕೋಣೆಯಲ್ಲೇ ಮಂಚ ಹಾಕಿಸಿಕೊಂಡಿದ್ದಳು. ಕೂದಲು ಉದುರಿದ ತಲೆಯ ಮೇಲೆ ಸೆರಗು. ದಾಳಿಂಬೆ ಬಿಡಿಸಿ ಕೊಡುತ್ತಿದ್ದೆ. ಅವಳು ನೇರವಾಗಿ ವಿಷಯಕ್ಕೆ ಬಂದಳು.

“ನನ್ನ ವಿಡಿಯೋ ಒಂದು ಬೇಕಾಗ್ತದಲ್ಲ. ಮಂದಿ ಬಂದಾಗ ಟಿವಿಯಾಗ ಹಚ್ಚಾಕ, ಫೋಟೋಕ್ಕ ಹೂವು ಸುರೀತಾವಲ್ಲ, ಅಂಥಾದು. ನಿಮ್ಮ ಭಾವ ಮಾಡಿದ್ರ ನನ್ನ ಮಾರಿ ಸುತ್ತ ಗುಲಾಬಿ ತಿರಗಸ್ತಾರ. ನೀ ಮಾಡು.”

“ಏನ್ ಮಾತಾಡ್ತೀರಿ ಅಕ್ಕಾ! ಸುಮ್ನಿರ್ರಿ.”

“ಸುಮ್ನ ಇದ್ದಮ್ಯಾಲ ಕರೆಕ್ಷನ್ ಹ್ಯಾಂಗ ಹೇಳ್ಲಿ? ಈಗ ಮಾಡಿ ತಂದು ತೋರಸು.”

ನನಗೆ ಅಳು ಬರಬೇಕಿತ್ತು. ಮೊದಲು ಬಂದದ್ದು ಬೇರೆಯೇ. ಇಷ್ಟು ಎಡಿಟರುಗಳಿರುವ ಗುಂಪಿನಲ್ಲಿ ಅವಳು ನನ್ನನ್ನು ಆರಿಸಿದಳು ಎಂದು ಮೈ ಒಮ್ಮೆ ಬೆಚ್ಚಗಾಯಿತು. ಅಂಥ ಹೊತ್ತಿನಲ್ಲೂ ನನಗೆ ಹಾಗನಿಸಿತು. ದಾಳಿಂಬೆಯ ರಸ ಕೈಗೆ ಅಂಟಿತ್ತು. ತೊಳೆದುಕೊಂಡು ಬರುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅತ್ತು ಬಂದೆ.

ಶಾಟು ಹುಡುಕಲು ಕೂತಾಗ ಗೊತ್ತಾಯಿತು, ಅವಳು ಎಲ್ಲಿಯೂ ಇಲ್ಲ. ಸಾವಿರ ಜನರ ಮುಖವನ್ನು ಜೋಡಿಸಿದವಳ ಮುಖ ನಮ್ಮ ಯಾವ ಹಾರ್ಡ್‌ಡಿಸ್ಕಿನಲ್ಲೂ ನೆಟ್ಟಗೆ ಸಿಗಲಿಲ್ಲ. ಕ್ಯಾಮೆರಾ ಅಕಸ್ಮಾತ್ ತಿರುಗಿದಾಗ ಸಿಕ್ಕ ಚೂರುಗಳು ಮಾತ್ರ: ದೀಪ ಸರಿಮಾಡುವ ಕೈ, ಕ್ಯಾಮೆರಾದವನಿಗೆ ಬೈಯುವ ಬಾಯಿ, ಊಟದ ಪಂಕ್ತಿಯ ತುದಿಯಲ್ಲಿ ಹೋಳಿಗೆ. ಭಾವ ಹೊಸ ಕ್ಯಾಮೆರಾ ತಂದ ದಿನ ಪರೀಕ್ಷೆಗೆಂದು ಹಿಡಿದ ಶಾಟೊಂದಿತ್ತು: ಹೆಡ್‌ಫೋನು ತೆಗೆಯುತ್ತಾಳೆ, ಸೆರಗು ಜಾರುತ್ತದೆ, ಎಡಗೈ ಹಿಡಿಯುತ್ತದೆ. ಇವುಗಳ ಅಡಿಗೆ ಅವಳ ಮುಂಜಾನೆಯ ಸುದ್ದಿಗಳ ದನಿಯನ್ನು ಹಾಸಿದೆ. ಕೊನೆಗೆ ಸಣ್ಣಗೆ ಕೊಳಲು. ಒಂದೊಂದು ಕಟ್ ಮಾಡುವಾಗಲೂ, ಇದಕ್ಕೆ ಅವಳು ಏನು ತೆಗೆಯಬಹುದು ಎಂದು ನಾನೇ ಮೊದಲು ಹುಡುಕಿ ಸರಿಮಾಡಿದೆ. ಈ ಸಲ ಅವಳ ಬಾಯಿಗೆ ಕರೆಕ್ಷನ್ ಸಿಗಬಾರದು ಎಂಬ ಹಟವಿತ್ತು.

ಮಧ್ಯಾಹ್ನದ ಹೊತ್ತು ಲ್ಯಾಪ್‌ಟಾಪು ಹಿಡಿದು ಹೋದೆ. ಅವಳು ಎದ್ದು ಗೋಡೆಗೆ ಒರಗಿ ಕೂತು ಹೆಡ್‌ಫೋನು ಕೇಳಿದಳು. ನಾನೇ ಹಾಕಿದೆ. ತಲೆ ಸೊರಗಿತ್ತು, ಹೆಡ್‌ಫೋನು ಬಿಗಿಯಾಗಿ ಕೂರಲಿಲ್ಲ, ಸೆರಗು ಮೆಲ್ಲಗೆ ಹಿಂದಕ್ಕೆ ಸರಿಯಿತು. ಅವಳ ಎಡಗೈ ಏಳಲಿಲ್ಲ. ನಾನು ಹಿಡಿದೆ. ವಿಡಿಯೋ ಮುಗಿಯುವ ತನಕ ಹಾಗೇ ಹಿಡಿದು ಕೂತೆ.

ಅವಳು ಸತ್ತವಳ ವಿಡಿಯೋವನ್ನು ನೋಡುವಂತೆ ನೋಡಲಿಲ್ಲ. ಗಿರಾಕಿಯ ಕೆಲಸದಂತೆ ನೋಡಿದಳು. ಬೈಯುವ ಶಾಟಿಗೆ ನಕ್ಕಳು. ಮುಗಿದ ಮೇಲೆ ಹೆಡ್‌ಫೋನು ತೆಗೆಸಿಕೊಂಡು, “ಕೊಳಲು ತೆಗಿ,” ಎಂದಳು. “ಅಳಸಾಕ ಸಂಗೀತ ಯಾಕ ಬೇಕು? ಸತ್ತಿರ್ತೀನಲ್ಲ, ಸಾಕಾಗಂಗಿಲ್ಲೇನು?”

“ತೆಗೀತೀನ್ರಿ.”

“ಕುಕ್ಕರ್ ಸೀಟಿ ಛಲೋ ಬಂದದ, ಇರಲಿ.” ಆಮೇಲೆ ನನ್ನ ಕಡೆ ತಿರುಗಿದಳು. “ನೀ ಎಲ್ಲಿ?”

“ಎಲ್ಲಿ ಅಂದ್ರ?”

“ಎಲ್ಲಾರೂ ಇದ್ದಾರ. ಅತ್ತಿ, ಮಾವಾರು, ಮಂಠಾಳದಾಕೀನೂ ಬಂದು ಹೋದಳು. ನೀ ಎಲ್ಲೂ ಇಲ್ಲಲ್ಲ?”

“ಇದು ನಿಮ್ಮ ವಿಡಿಯೋ ಅಕ್ಕಾ. ನಾ ಯಾಕ?”

“ನನ್ನ ವಿಡಿಯೋ ಅಂತನ ಕೇಳಾಕತ್ತೇನಿ. ಇದು ಸಿನಿಮಾ ಅಲ್ಲ, ಹಾಜರಿ. ನೀನ ಹೇಳಿದ್ದಿ.”

ಹೇಳಿದವಳು ನಾನು ಎಂದು ಅವಳಿಗೆ ನೆನಪಿತ್ತು. ಇಷ್ಟು ವರ್ಷ ನೆನಪಿಟ್ಟುಕೊಂಡೂ ಬಾಯಿ ಬಿಟ್ಟಿರಲಿಲ್ಲ. ಸಿಟ್ಟಿನಲ್ಲೇ ಅವಳ ಸೆರಗನ್ನು ತಲೆಯ ಮೇಲೆ ಎಳೆದು ಕೂರಿಸಿದೆ. ಅವಳೇ ಮುಂದುವರಿಸಿದಳು: “ನಾದಿನಿ ಲಗ್ನದಾಗ ನಾ ನಿನಗ ಸೀರಿ ಕೊಟ್ಟಿದ್ದೆ ನೋಡು. ಕುಂಕುಮ ಹಚ್ಚೂವಾಗ ಇಬ್ರೂ ಬ್ಯಾರೆ ಬ್ಯಾರೆ ಕಡಿ ನೋಡಾಕತ್ತಿದ್ವಿ. ನಿನ್ನ ಗಂಡ ‘ಇಲ್ಲಿ ನೋಡ್ರಿ’ ಅಂತ ಒದರಿದ. ಇಬ್ರೂ ಸೊಕ್ಕಿಲೇ ತಿರುಗಿ ನೋಡಿದ್ವಿ. ಒಂದೇ ತಾಯಿ ಹೊಟ್ಟೀಲೆ ಹುಟ್ಟಿದವರ ಹಂಗ ಕಾಣತೀವಿ ಅದರಾಗ. ಅದನ್ನ ಹಾಕು.”

“ಎಷ್ಟು ಇಡಲಿ?”

“ಉದ್ದ ಇಡು. ಹೋಳಿಗಿ ಗೀಳಿಗಿ ನೋಡಬ್ಯಾಡ. ಜರಾ ಕುಂದರಸು.”

ಊರಿಗೆ ಬಂದು ಹಾಕಿದೆ. ಆ ಶಾಟನ್ನು ಎಲ್ಲಿ ಕತ್ತರಿಸಬೇಕೆಂದು ತಿಳಿಯಲಿಲ್ಲ, ಇದ್ದಷ್ಟನ್ನೂ ಬಿಟ್ಟೆ. ಕಳಿಸಿದೆ. ಆ ಕಡೆಯಿಂದ ನೋಡಿದ ಗುರುತು ಬಂತು, ಮಾತು ಬರಲಿಲ್ಲ. ಆಗಲೂ ನನಗೆ ಬೇಸರವಾಯಿತು. ಚೆನ್ನಾಗಿದೆ ಎನ್ನಲು ಅವಳಿಗೆ ಈಗಲಾದರೂ ಏನು ಧಾಡಿ ಎಂದುಕೊಂಡೆ.

ಮರುದಿನ ಮುಂಜಾನೆ ಚಹಾದ ಹೊತ್ತಿಗೆ ಗುಂಪಿನಲ್ಲಿ ಅವಳ ದನಿ. ಗಂಡ ಹಲ್ಲುಜ್ಜುವುದನ್ನು ನಿಲ್ಲಿಸಿ ಹಚ್ಚಿದ.

“ನಮಸ್ಕಾರ್ರಿ ಎಲ್ಲಾರಿಗೂ. ಇವತ್ತಿನ ಸುದ್ದಿ ಹುಮನಾಬಾದದ್ದಲ್ಲ, ಕಲ್ಯಾಣದ್ದು.” ಉಸಿರು ತೆಗೆದುಕೊಳ್ಳಲು ನಿಂತಳು. “ಕಲ್ಯಾಣದಾಗ ಒಬ್ಬಾಕಿ ಎಡಿಟರ್ ಇದ್ದಾಳ. ನನಗ ಮೊದಲ ಕಟ್ ಮಾಡಾಕ ಕಲಿಸಿದಾಕಿ ಅಕೀನ. ಇಷ್ಟ ದಿವಸ ಎಲ್ಲೆಲ್ಲೋ ಹುಡಕಿ ಹುಡಕಿ ಸುದ್ದಿ ತಂದೆ, ಬಗಲಾಗಿಂದು ಹೇಳಲಿಲ್ಲ. ಯಾಕಂದ್ರ ನನಗ ಅಕಿ ಮ್ಯಾಲ ಭಾಳ ಹೊಟ್ಟಿಕಿಚ್ಚು ಇತ್ರಿ. ಈಗ ಅಕಿ ಒಂದು ವಿಡಿಯೋ ಮಾಡ್ಯಾಳ. ಕರೆಕ್ಷನ್ ಹುಡುಕಿದೆ, ಹುಡುಕಿದೆ, ಈಗ ಒಂದೂ ಉಳಿದಿಲ್ಲ. ನಿಮಗೂ ನೋಡಾಕ ಸಿಗತದ. ಬಿಡುಗಡಿ ಯಾವಾಗ ಅಂತ ಕೇಳಬ್ಯಾಡ್ರಿ, ಅದು ನನ್ನ ಕೈಯಾ‌ಗ ಇಲ್ಲ. ನನಗೂ ಅವಸರ ಇಲ್ಲ.”

ಗುಂಪು ಕೋಲಾಹಲವಾಯಿತು. ಬೀದರದವರು, ಭಾಲ್ಕಿಯವರು, ಉಮರ್ಗಾದ ಗಡ್ಡದವನು, ಎಲ್ಲರೂ ನನಗೆ ಅಭಿನಂದನೆ ಹೇಳಿದರು. ಯಾವ ವಿಡಿಯೋ ಅಕ್ಕಾವ್ರ, ಜರಾ ತುಣುಕಾದ್ರೂ ತೋರಸ್ರಿ, ಬಿಡುಗಡಿ ಯಾವಾಗ? ನಾನು ಅಷ್ಟು ವರ್ಷ ಕಾದದ್ದು ಈ ಮುಂಜಾನೆಗಾಗಿ. ಅದು ಬಂದಾಗ ಒಬ್ಬರಿಗೂ ಉತ್ತರ ಕೊಡಲಾಗಲಿಲ್ಲ. ಆಮೇಲಿನ ದಿನಗಳಲ್ಲೂ ಯಾರಾದರೂ, “ಎಲ್ಲಿಗಿ ಬಂತ್ರಿ ನಿಮ್ಮ ವಿಡಿಯೋ?” ಎಂದು ಕೇಳಿದರೆ ಫೋನು ಮಗುಚಿ ಇಡುತ್ತಿದ್ದೆ. ನನ್ನ ಕೆಲಸವನ್ನು ಯಾರೂ ನೋಡದಿರಲಿ ಎಂದು ನಾನು ಬೇಡಿಕೊಂಡದ್ದು ಅದೊಂದೇ ಸಲ.

ಅವಳ ಸುದ್ದಿ ಇನ್ನೂ ಕೆಲವು ಮುಂಜಾನೆ ಬಂತು, ದಿನದಿಂದ ದಿನಕ್ಕೆ ಚಿಕ್ಕದಾಗುತ್ತ. ಒಂದು ದಿನ ಬರಲಿಲ್ಲ. ಗುಂಪಿನವರು, ಅಕ್ಕಾವ್ರ ಇವತ್ತ ಯಾಕ ತಡ ಎಂದು ಕೇಳತೊಡಗಿದಾಗ ನಾವು ಆಗಲೇ ಹುಮನಾಬಾದದ ದಾರಿಯಲ್ಲಿದ್ದೆವು.

ಕಾರ್ಯದ ದಿನ ಅದೇ ಪಡಸಾಲೆಯಲ್ಲಿ, ಅದೇ ಟಿವಿಯಲ್ಲಿ ವಿಡಿಯೋ ಹಚ್ಚಿದರು. ಗುಂಪಿನವರು ಬಹಳಷ್ಟು ಜನ ಬಂದಿದ್ದರು. ದನಿಯಿಂದಷ್ಟೇ ಗೊತ್ತಿದ್ದವಳ ಮುಖವನ್ನು ಎಷ್ಟೋ ಜನ ಅವತ್ತೇ ನೋಡಿದ್ದು. ಕುಕ್ಕರ್ ಸೀಟಿ ಹಾಕಿದಾಗ ಎಲ್ಲರೂ ನಕ್ಕರು, ನಗುತ್ತಲೇ ಅತ್ತರು. ನಾವಿಬ್ಬರೂ ಸೊಕ್ಕಿನಿಂದ ತಿರುಗಿ ನೋಡುವ ಶಾಟು ಬಂದಾಗ ಮಂಠಾಳದ ಸೋದರತ್ತೆ ನನ್ನ ಕೈ ಹಿಡಿದುಕೊಂಡರು. ಅದು ಉದ್ದವಾಯಿತು ಎಂದು ಯಾರೂ ಹೇಳಲಿಲ್ಲ.

ಸಂಜೆ ಅದನ್ನು ಗುಂಪಿಗೆ ಕಳಿಸಿದೆ. ಹೊಗಳಿಕೆ ಮಳೆಯಂತೆ ಸುರಿಯಿತು. ಇಂಥ ಕೆಲಸ ಈ ಕಡೆ ಯಾರೂ ಮಾಡಿಲ್ಲ ಎಂದರು. ನಾಳೆಯಿಂದ ಮುಂಜಾನೆಯ ಸುದ್ದಿ ನೀವೇ ಹೇಳಬೇಕು ಎಂದರು. ಈಗ ಹೇಳುತ್ತಿದ್ದೇನೆ. ಆ ವೆಬ್‌ಸೈಟುಗಳನ್ನು ಅವಳಂತೆಯೇ ಬೈಯುತ್ತ ಓದುತ್ತೇನೆ. ಅಕ್ಕ ಹೇಳುತ್ತಿದ್ದ ಹಾಗೆ ನಿಮಗೆ ಹೇಳಲು ಬರುವುದಿಲ್ಲ ಎಂದು ಯಾರಾದರೂ ಅಂದರೆ ಈಗಲೂ ಅವಳ ಮೇಲೆ ಉರಿಯುತ್ತದೆ.

ಅವತ್ತು ಎಲ್ಲರ ಮಾತನ್ನೂ ಓದಿ ಮುಗಿಸಿದ ಮೇಲೂ ನಾನು ಫೋನು ಕೆಳಗಿಡಲಿಲ್ಲ. ಹುಮನಾಬಾದದಿಂದ ಏನಾದರೂ ಕರೆಕ್ಷನ್ ಬಂದೀತೇನೋ ಎಂದು ನೋಡುತ್ತ ಕೂತಿದ್ದೆ.